ಚಂದ್ರಗಿರಿ ದಾಟಿದ ಹನಿಮೂನು

ಪ್ರಯಾಣದ ಬಗ್ಗೆ ಮಾತಾಡಬೇಕು ಅಂತ ಕೇಳಿದಾಗ ನಾನು ತಕ್ಷಣ ಒಪ್ಪಲಿಲ್ಲ. ದೂರದ ಊರುಗಳನ್ನು ಸುತ್ತಿದವಳಲ್ಲ ನಾನು. ಕಾಶಿ ನೋಡಿಲ್ಲ, ಹಿಮಾಲಯ ನೋಡಿಲ್ಲ. ಆಮೇಲೆ ಇವರೇ ಹೇಳಿದರು, "ನಮ್ಮ ಹನಿಮೂನಿನ ಕಥೆ ಹೇಳು. ಅದಕ್ಕಿಂತ ದೊಡ್ಡ ಪ್ರಯಾಣ ನಾವು ಮಾಡಿದ್ದುಂಟಾ?" ಇವರು ಇಲ್ಲಿಯೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ನಾನು ಎಲ್ಲಿಯಾದರೂ ತಪ್ಪಿದರೆ ತಿದ್ದುತ್ತಾರೆ.

ದೂರ ಲೆಕ್ಕ ಹಾಕಿದರೆ ಅದು ಕಾಸರಗೋಡು ಸ್ಟೇಷನ್ನಿನಿಂದ 50 ಕಿಲೋಮೀಟರ್ ಕೂಡ ಆಗಲಿಕ್ಕಿಲ್ಲ. ನಮ್ಮದೇ ಜಿಲ್ಲೆಯ ಒಳಗಿನ ಪ್ರಯಾಣ. ಆದರೆ ಆಗ 24 ವರ್ಷದ ನನಗೆ ಅದು ಬೇರೆ ದೇಶವೇ ಆಗಿತ್ತು. ಯಾಕೆ ಅಂತ ಮೊದಲು ಹೇಳಬೇಕು.

ನಾನು ಹುಟ್ಟಿದ್ದು ಶಿರಿಯಾ ಹೊಳೆಯ ಬದಿಯಲ್ಲಿ. ನಮ್ಮ ಮನೆಯವರಿಗೆ ಎಲ್ಲದಕ್ಕೂ ಮಂಗಳೂರು. ಜ್ವರ ಜಾಸ್ತಿಯಾದರೆ ಮಂಗಳೂರು, ಸೀರೆ ತೆಗೆಯಲಿಕ್ಕೆ ಮಂಗಳೂರು, ಸಿನಿಮಾ ನೋಡಲಿಕ್ಕೂ ಮಂಗಳೂರು. ಬಾಗಿಲು ತೆಗೆದರೆ ಮುಖ ಬಡಗು ದಿಕ್ಕಿಗೇ. ತೆಂಕು ಅಂದರೆ ಕಾಸರಗೋಡು ಪೇಟೆ, ಅಲ್ಲಿಗೆ ಮುಗಿಯಿತು. ಅದರಾಚೆ ಚಂದ್ರಗಿರಿ ಹೊಳೆ. ಆ ಹೆಸರನ್ನು ನಾನು ಚಿಕ್ಕವಳಿದ್ದಾಗಿನಿಂದ ಒಂದು ಗಡಿಯ ಹೆಸರಾಗಿಯೇ ಕೇಳಿದ್ದು. ಹಿಂದಿನ ಕಾಲದಲ್ಲಿ ಮಲಬಾರಿನ ನಾಯರ್ ಹೆಂಗಸರು ಈ ಹೊಳೆ ದಾಟಿ ಬರಬಾರದು ಅನ್ನುವ ಕಟ್ಟುಪಾಡು ಇತ್ತಂತೆ, ಅಜ್ಜಿ ಹೇಳುತ್ತಿದ್ದರು. 1956ರ ನವೆಂಬರ್ 1ರಂದು ನಾವೆಲ್ಲ ಕೇರಳಕ್ಕೆ ಸೇರಿದೆವು. 1967ರಲ್ಲಿ ರಾಜ್ಯಗಳ ಗಡಿ ತಕರಾರು ನೋಡಲು ನೇಮಿಸಿದ್ದ ಮಹಾಜನ ಆಯೋಗ ಚಂದ್ರಗಿರಿಯ ಬಡಗು ಭಾಗ ಆಗಿನ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ ಹೋಗಲಿ ಅಂದಿತು. ಅದು ಜಾರಿಗೆ ಬರಲಿಲ್ಲ. ಆ ವಿಷಯವನ್ನು ಇವತ್ತು ನಾನು ಚರ್ಚೆಗೆ ತರುವುದಿಲ್ಲ. ನಮ್ಮ ಜಗುಲಿಯಲ್ಲಿ ಗಂಡಸರು ಸೇರಿದಾಗೆಲ್ಲ "ಚಂದ್ರಗಿರಿಯ ಈಚೆ, ಚಂದ್ರಗಿರಿಯ ಆಚೆ" ಅನ್ನುವ ಮಾತು ಬರುತ್ತಿತ್ತು ಅಂತ ಹೇಳಿದೆ ಅಷ್ಟೇ. ಆಚೆ ಯಾರಿದ್ದಾರೆ, ಏನು ತಿನ್ನುತ್ತಾರೆ, ಅಲ್ಲಿಯೂ ಹೊಳೆ ಬದಿಯಲ್ಲಿ ಮಕ್ಕಳು ಗಾಳ ಹಾಕುತ್ತಾರಾ ಅಂತ ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನಮ್ಮ ಮದುವೆ ಆದದ್ದು 1993ರ ಮೇ ಕೊನೆಗೆ. ಇವರ ಊರು ಪೆರ್ಲದ ಕಡೆ ಗುಡ್ಡದ ಮೇಲೆ. ಸುತ್ತ ಅಡಿಕೆ ತೋಟ. ಇವರಿಗೆ ಸಣ್ಣ ಬ್ಯಾಂಕಿನಲ್ಲಿ ಗುಮಾಸ್ತರ ಕೆಲಸ. ನಾನಿನ್ನೂ ಶಾಲೆಯಲ್ಲಿ ಟೀಚರ್ ಆಗಿ ಸೇರಿರಲಿಲ್ಲ. ಹನಿಮೂನು ಅನ್ನುವ ಶಬ್ದ ನಮ್ಮ ಎರಡೂ ಮನೆಗಳಿಗೆ ಹೊಸತು. ಅತ್ತೆ ಅದನ್ನು "ತಿರುಗಾಟ" ಅಂತ ಕರೆದು ಒಪ್ಪಿಗೆ ಕೊಟ್ಟರು. ಇವರಿಗೆ ರೈಲು ಅಂದರೆ ಪ್ರಾಣ. ಆಯ್ಕೆ ಮಾಡಿದ್ದು ಊಟಿ, ಆದರೆ ಊಟಿಯ ಹೂವಿನ ತೋಟಕ್ಕಲ್ಲ. ಮೆಟ್ಟುಪಾಳ್ಯದಿಂದ ಬೆಟ್ಟ ಹತ್ತುವ ಪುಟ್ಟ ರೈಲಿಗಾಗಿ. ಮದುವೆಯ ಮೂರನೇ ದಿನ ರಾತ್ರಿ ಇವರು ನನಗೆ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ್ದು ಈಗಲೂ ನೆನಪಿದೆ. 46 ಕಿಲೋಮೀಟರ್ ದಾರಿ. ಕೂನೂರಿನವರೆಗೆ 1899ರಲ್ಲಿ ಆಯಿತು, ಊಟಿಗೆ ಮುಟ್ಟಿದ್ದು 1908ರಲ್ಲಿ. ಕಡಿದಾದ ಕಡೆ ಎರಡು ಹಳಿಗಳ ನಡುವೆ ಹಲ್ಲಿರುವ ಇನ್ನೊಂದು ಪಟ್ಟಿ ಇದೆ, ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಮೇಲೆ ಹೋಗುತ್ತದೆ. ಹೊಸ ಮದುವಣಿಗ ಮಾತಾಡುವ ಮಾತಾ ಇದು ಅಂತ ನಿಮಗೆ ಅನ್ನಿಸಬಹುದು. ನನಗೆ ಬಹಳ ಇಷ್ಟವಾಯಿತು. ತನಗೆ ಪ್ರೀತಿ ಇರುವುದನ್ನು ನನ್ನ ಮುಂದೆ ಬಿಚ್ಚಿಟ್ಟರಲ್ಲ.

ಟಿಕೆಟ್ಟು ಕಾಸರಗೋಡಿನಿಂದ. ಗಾಡಿ ಬರುವುದು ನಡುರಾತ್ರಿ ಕಳೆದು 40 ನಿಮಿಷಕ್ಕೆ. ತಾರೀಕು ಜೂನ್ 5. ನಾವು 5ರ ರಾತ್ರಿ ಊಟ ಮುಗಿಸಿ, ಎರಡೂ ಮನೆಯವರ ಕಾಲಿಗೆ ಬಿದ್ದು, ಜೀಪು ಮಾಡಿ ಸ್ಟೇಷನ್ನಿಗೆ ಬಂದೆವು. ಹನ್ನೊಂದು ಗಂಟೆಗೆ ಬೆಂಚಿನಲ್ಲಿ ಕೂತೆವು. ನಿಮ್ಮಲ್ಲಿ ಕೆಲವರಿಗೆ ಈಗಲೇ ಅರ್ಥವಾಗಿರಬೇಕು. ನಗುತ್ತಿದ್ದೀರಿ. ಹೌದು, 5ನೇ ತಾರೀಕಿನ 0 ಗಂಟೆ 40 ನಿಮಿಷ ಅಂದರೆ 4ನೇ ತಾರೀಕಿನ ಊಟ ಮುಗಿಸಿ ಹೊರಡಬೇಕಿತ್ತು. ಟಿಕೆಟ್ಟು ನೋಡಿದ ರೈಲ್ವೆಯವರು ಮೆಲ್ಲಗೆ ಹೇಳಿದರು, "ನಿಮ್ಮ ಗಾಡಿ ನಿನ್ನೆಯೇ ಹೋಯಿತು."

ಇವರ ಮುಖ ನೋಡಲಿಕ್ಕೆ ಆಗಲಿಲ್ಲ. ರೈಲಿನ ಸಮಯಪಟ್ಟಿ ಬಾಯಿಪಾಠ ಇದ್ದ ಮನುಷ್ಯ. ನಾನು ಏನೂ ಹೇಳಲಿಲ್ಲ. ಸಮಾಧಾನ ಮಾಡುವಷ್ಟು ಪರಿಚಯವೂ ಆಗಿರಲಿಲ್ಲ ನಮಗೆ. ಹತ್ತು ದಿನದ ಮದುವೆ. ಬುತ್ತಿ ಬಿಚ್ಚಿ ಒಂದು ಚಕ್ಕುಲಿ ಕೊಟ್ಟೆ. ತಿಂದರು. ಹೊರಗೆ ಜಡಿಮಳೆ ಶುರುವಾಯಿತು.

ಮನೆಗೆ ವಾಪಸು ಹೋಗಬಹುದಿತ್ತು. ಆದರೆ ನೀವೇ ಯೋಚಿಸಿ. ಊರೆಲ್ಲ ಸೇರಿ ಕಳಿಸಿಕೊಟ್ಟಿದೆ, ಮರುದಿನ ಬೆಳಿಗ್ಗೆ ಅದೇ ಪೆಟ್ಟಿಗೆ ಹಿಡಿದು ಅಂಗಳಕ್ಕೆ ಬಂದರೆ? ಬೆಳಗಿನ ಜಾವ ಇವರು ಜೇಬಿನಿಂದ ಒಂದು ಚೀಟಿ ತೆಗೆದರು. ಇವರ ಬ್ಯಾಂಕಿನ ಸಹೋದ್ಯೋಗಿ ಒಬ್ಬರ ಮನೆಯ ವಿಳಾಸ. ಚೆರುವತ್ತೂರಿನಿಂದ ಮುಂದೆ, ವಲಿಯಪರಂಬ ಅನ್ನುವ ದ್ವೀಪದಲ್ಲಿ. "ನಾನಿರದಿದ್ದರೂ ಅಮ್ಮ ಇರುತ್ತಾರೆ, ಯಾವಾಗ ಬೇಕಾದರೂ ಹೋಗಿ" ಅಂತ ಮದುವೆಗೆ ಬಂದಾಗ ಹೇಳಿ ಬರೆದುಕೊಟ್ಟಿದ್ದರು. "ಒಂದು ಬದಿ ಕಡಲು, ಒಂದು ಬದಿ ಕಾಯಲು ಅಂತೆ. ಹೋಗುವುದಾ?" ಅಂದರು ಇವರು. ಹಿನ್ನೀರಿಗೆ ಅಲ್ಲಿಯವರು ಕಾಯಲು ಅನ್ನುತ್ತಾರೆ. ನನಗೆ ನೀರು ಅಂದರೆ ಸಾಕು. ಬೆಳಗಿನ ಪ್ಯಾಸೆಂಜರ್ ಗಾಡಿಗೆ ಎರಡು ಸಾದಾ ಟಿಕೆಟ್ಟು ತೆಗೆದೆವು.

ಹಾಗೆ ನಾನು ಮೊದಲ ಸಲ ಚಂದ್ರಗಿರಿ ದಾಟಿದೆ. ಹೊಳೆ ಕೆಂಪಾಗಿ, ತುಂಬಿ ಹರಿಯುತ್ತಿತ್ತು. ಸೇತುವೆಯ ಮೇಲೆ ಗಾಡಿಯ ಸದ್ದು ಬದಲಾಗುತ್ತದೆ ಅಲ್ವಾ, ಆ ಸದ್ದಿಗೆ ನಾನು ಕಿಟಕಿಯ ಸರಳು ಗಟ್ಟಿಯಾಗಿ ಹಿಡಿದೆ. ಎರಡು ನಿಮಿಷವೂ ಆಗಲಿಲ್ಲ. ಆಚೆಯೂ ಅದೇ ತೆಂಗು, ಅದೇ ಹಂಚಿನ ಮಾಡು, ಅದೇ ಮುರಕಲ್ಲಿನ ಗೋಡೆ. ಬೇಕಲ ಕಳೆದು ಸ್ವಲ್ಪ ಹೊತ್ತಿಗೆ ಕಾಞಂಗಾಡು. ಆ ತಾಲೂಕಿನ ಹೆಸರು ಹೊಸದುರ್ಗ. ಎಷ್ಟು ಕನ್ನಡದ ಹೆಸರು ನೋಡಿ! ಕೆಳದಿಯ ನಾಯಕರು ಕಟ್ಟಿದ ಕೋಟೆ. ಚಂದ್ರಗಿರಿಯ ಕೋಟೆ, ಶಿವಪ್ಪ ನಾಯಕ ಕಟ್ಟಿಸಿದ ಬೇಕಲದ ಕೋಟೆ, ಆಮೇಲೆ ಇದು. ಇತಿಹಾಸದ ಪರೀಕ್ಷೆಗೆ ನಾನು ಇದನ್ನೆಲ್ಲ ಓದಿದ್ದೆ. ಆದರೆ ಆ ಕೋಟೆಗಳು ನಮ್ಮ ಮನೆಯಿಂದ ಎರಡು ಗಂಟೆಯ ದಾರಿಯಲ್ಲಿವೆ ಅನ್ನುವುದು ತಲೆಗೆ ಹೋಗಿರಲಿಲ್ಲ.

ಕಾಞಂಗಾಡಿನಲ್ಲಿ ಇವರು ತಿಂಡಿ ತರುತ್ತೇನೆ ಅಂತ ಇಳಿದರು. ಗಾಡಿ ಹೊರಟಿತು. ಇವರು ಎರಡು ಕೈಯಲ್ಲಿ ಎರಡು ಪೊಟ್ಟಣ ಹಿಡಿದುಕೊಂಡು ಓಡಿ ಬಂದರು. ಕೈ ಖಾಲಿ ಇದ್ದಿದ್ದರೆ ಹತ್ತುತ್ತಿದ್ದರೋ ಏನೋ. ನನ್ನ ಕಣ್ಣೆದುರೇ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಸಣ್ಣದಾಗಿ ಹೋದರು. ಎರಡೂ ಟಿಕೆಟ್ಟು, ದುಡ್ಡು, ಚೀಟಿ ಎಲ್ಲ ಅವರ ಜೇಬಿನಲ್ಲಿ. ನನ್ನ ಹತ್ತಿರ ಒಂದು ಪೆಟ್ಟಿಗೆ, ಒಂದು ಕೊಡೆ, ಚಕ್ಕುಲಿಯ ಡಬ್ಬ.

ಆಗ ಮೊಬೈಲ್ ಇಲ್ಲ. ಈಗಿನ ಮಕ್ಕಳಿಗೆ ಅದನ್ನು ವಿವರಿಸುವುದೇ ಕಷ್ಟ. ನಾನು ಮುಂದಿನ ಸ್ಟೇಷನ್ ನೀಲೇಶ್ವರದಲ್ಲಿ ಇಳಿದೆ. ಹಿಂದಿನಿಂದ ಬರುವವರು ಇಲ್ಲಿಗೇ ಬರುತ್ತಾರೆ ಅಂತ ನನ್ನ ಲೆಕ್ಕ. ಟಿಕೆಟ್ಟು ಚೆರುವತ್ತೂರಿಗಲ್ಲವಾ, ಅವಳು ಅಲ್ಲಿಗೇ ಹೋಗಿರುತ್ತಾಳೆ ಅಂತ ಇವರ ಲೆಕ್ಕ. ಇವರು ಬಸ್ಸಿಗೆ ಹೋದರು. ಬೋರ್ಡು ಮಲಯಾಳದಲ್ಲಿ. ಇವರಿಗೆ ಮಲಯಾಳ ಅರ್ಧ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅವಸರದಲ್ಲಿ ಹತ್ತಿದ್ದು ಪಾಣತ್ತೂರಿನ ಬಸ್ಸು. ಅದು ಘಟ್ಟದ ಕಡೆ, ಕೊಡಗಿನ ದಾರಿಗೆ ಹೋಗುವಂಥದ್ದು. ಪುಣ್ಯಕ್ಕೆ ಕಂಡಕ್ಟರ್ ಮಾವುಂಗಾಲಿನಲ್ಲಿ ಇಳಿಸಿ ಹೈವೇಯ ಬಸ್ಸು ತೋರಿಸಿದರು.

ನಾನು ನೀಲೇಶ್ವರದ ಬೆಂಚಿನಲ್ಲಿ ಮೂರು ಗಂಟೆ ಕೂತೆ. ಮುಡಿಯಲ್ಲಿ ಬಾಡಿದ ಮಲ್ಲಿಗೆ, ಕೈಯಲ್ಲಿ ಮದುವೆಯ ಬಳೆ. ಯಾರು ನೋಡಿದರೂ ಹೊಸ ಮದುಮಗಳು ಅಂತ ಗೊತ್ತಾಗುತ್ತದೆ. ಒಬ್ಬ ಮೀನು ಮಾರುವ ಹೆಂಗಸು ಬುಟ್ಟಿ ಇಳಿಸಿ ಪಕ್ಕದಲ್ಲಿ ಕೂತರು. ನನ್ನ ಹರಕು ಮಲಯಾಳದಲ್ಲಿ ವಿಷಯ ಹೇಳಿದೆ. ಅವರು ತಮ್ಮ ಗಾಡಿ ಬಂದರೂ ಹತ್ತಲಿಲ್ಲ. ಇನ್ನೊಂದಕ್ಕೆ ಹೋದರಾಯಿತು ಅಂದರು. ಮೀನು ಹಾಳಾಗುವುದಿಲ್ಲವಾ ಅಂತ ಕೇಳಿದೆ. ಉತ್ತರ ಹೇಳಲಿಲ್ಲ, ಬುಟ್ಟಿಯ ಮೇಲಿನ ಎಲೆ ಸರಿ ಮಾಡಿದರು. ಅವರ ಹೆಸರನ್ನು ನಾನು ಕೇಳದೆ ಬಿಟ್ಟೆ. ಈಗಲೂ ಅದು ಮನಸ್ಸಿಗೆ ಚುಚ್ಚುತ್ತದೆ.

ಕೊನೆಗೆ ದಾರಿ ಕಾಣಿಸಿದ್ದು ರೈಲ್ವೆಯವರೇ. ಗಾಡಿ ಬಿಡುವ ಮೊದಲು ಒಂದು ಸ್ಟೇಷನ್ನಿನವರು ಮುಂದಿನ ಸ್ಟೇಷನ್ನಿನವರ ಜೊತೆ ಮಾತಾಡುವ ಫೋನು ಇರುತ್ತದೆ, ಇವರಿಗೆ ಅದು ಗೊತ್ತಿತ್ತು. ಚೆರುವತ್ತೂರಿನ ಸ್ಟೇಷನ್ ಮಾಸ್ಟರರನ್ನು ಕೇಳಿಕೊಂಡರು. ಅವರು ನೀಲೇಶ್ವರಕ್ಕೆ ಫೋನು ಮಾಡಿ, "ಅಲ್ಲಿ ಒಬ್ಬಳು ಮದುಮಗಳು ಇದ್ದಾಳಾ?" ಅಂತ ವಿಚಾರಿಸಿದರು. "ಇದ್ದಾಳೆ, ಬೆಳಿಗ್ಗೆಯಿಂದ ಇದ್ದಾಳೆ" ಅಂತ ಈ ಕಡೆಯವರು ಕೂಗಿದ್ದು ನನಗೆ ಹೊರಗೆ ಬೆಂಚಿನವರೆಗೆ ಕೇಳಿಸಿತು. ಮುಂದಿನ ಗಾಡಿಗೆ ಟಿಕೆಟ್ಟು ತೆಗೆದುಕೊಟ್ಟದ್ದು ಆ ಮೀನಿನವರು.

ನೀಲೇಶ್ವರ ಬಿಟ್ಟ ಮೇಲೆ ಕಾರ್ಯಂಗೋಡು ಹೊಳೆ. ತೇಜಸ್ವಿನಿ ಅಂತಲೂ ಅನ್ನುತ್ತಾರೆ. ಆ ಹೊಳೆಯ ಮೇಲಿನ ಬದಿಯಲ್ಲಿ ಕಯ್ಯೂರು. 1943ರ ಮಾರ್ಚ್ 29ರಂದು ನಾಲ್ವರು ರೈತ ಯುವಕರನ್ನು ಗಲ್ಲಿಗೇರಿಸಿದರಲ್ಲ, ಅವರ ಊರು. ಆ ಕಥೆಯನ್ನು ಕನ್ನಡದಲ್ಲಿ ಓದಿ ಅತ್ತವರು ಈ ಸಭೆಯಲ್ಲಿಯೂ ಇರಬಹುದು. ನಾನು ಕಾಲೇಜಿನಲ್ಲಿ ಓದಿದ್ದೆ. ಎದುರು ಕೂತವರು ಬೆರಳು ತೋರಿಸಿ "ಕಯ್ಯೂರು ಆ ಕಡೆ" ಅಂದಾಗ ಮೈ ಜುಂ ಅಂದಿತು. ಈ ಹೊಳೆ ಹುಟ್ಟುವುದೂ ಕೊಡಗಿನ ಕಾಡಿನಲ್ಲಿ, ನಮ್ಮ ಚಂದ್ರಗಿರಿಗೆ ಬರುವ ಪಯಸ್ವಿನಿ ಹುಟ್ಟುವುದೂ ಕೊಡಗಿನಲ್ಲಿ. ಒಂದೇ ಬೆಟ್ಟಸಾಲಿನ ಮಳೆ ಎರಡು ದಾರಿ ಹಿಡಿದು ಬರುತ್ತದೆ. ಆವತ್ತು ಕಿಟಕಿಯಲ್ಲಿ ಅದೇ ಕೆಂಪು ನೀರು ನೋಡಿದಾಗ ಗಡಿ ಅನ್ನುವ ಶಬ್ದ ನನ್ನ ತಲೆಯಲ್ಲಿ ಮೊದಲ ಸಲ ಸ್ವಲ್ಪ ಸಡಿಲವಾಯಿತು.

ಚೆರುವತ್ತೂರಿನಲ್ಲಿ ಇವರು ಆ ಎರಡು ಪೊಟ್ಟಣ ಹಿಡಿದುಕೊಂಡೇ ನಿಂತಿದ್ದರು. ಬಿಚ್ಚಿರಲಿಲ್ಲ. "ನೀನು ತಿಂದಿಲ್ಲವಲ್ಲ" ಅಂದರು. ಅಲ್ಲಿಯೇ ನಿಂತು ಇಬ್ಬರೂ ಆರಿದ ಪುಟ್ಟು ಕಡಲೆ ತಿಂದೆವು.

ಪಡನ್ನದ ಕಡೆಯ ಕಡವಿಗೆ ಮುಟ್ಟುವಾಗ ಸಂಜೆ. ಮಳೆ ಅಂದರೆ ಮಳೆ. ಕಡವಿನ ದೋಣಿಯವರು ಗಾಳಿ ಇಳಿಯಲಿ ಅಂತ ಕಾದು, ಕೊನೆಗೆ ನಮ್ಮನ್ನು ದಾಟಿಸಿದರು. ದ್ವೀಪದ ಮರಳಿನಲ್ಲಿ ಕಾಲಿಟ್ಟಾಗ ಕತ್ತಲೆ. ತೆಂಗಿನ ತೋಟದಾಚೆ ಕಡಲಿನ ಆರ್ಭಟ. ಇವರು ಚೀಟಿ ತೆಗೆದರು. ಒದ್ದೆಯಾಗಿ ಶಾಯಿ ಹರಡಿತ್ತು. ಮನೆ ಹೆಸರಿನ ಮೊದಲ ಎರಡು ಅಕ್ಷರ ಮಾತ್ರ ಉಳಿದಿತ್ತು, "ಪುದಿ". ದೋಣಿಯವರನ್ನು ಕೇಳಿದೆವು. ಮಗ ದೂರದಲ್ಲಿ ಕೆಲಸದಲ್ಲಿದ್ದಾನೆ, ತಾಯಿ ಇದ್ದಾರೆ, ಪುದಿ ಅಂತ ಶುರುವಾಗುವ ಮನೆ. ಅವರು ಕೈ ತೋರಿಸಿದರು. ಆ ಕಡೆ ಪುದಿಯ ಅಂತ ಶುರುವಾಗುವ ಮನೆ ಹೆಸರುಗಳು ನಮ್ಮಲ್ಲಿ ಹೊಸಮನೆ ಇದ್ದ ಹಾಗೆ, ಎಷ್ಟು ಬೇಕಾದರೂ ಸಿಗುತ್ತವೆ. ಅದು ನಮಗೆ ಆಗ ಗೊತ್ತಿರಲಿಲ್ಲ.

ಬಾಗಿಲು ತೆಗೆದ ಅಮ್ಮ ದೀಪ ಎತ್ತಿ ನೋಡಿದರು. ಇವರು "ಮಗನ ಜೊತೆ ಕೆಲಸ ಮಾಡುವವನು" ಅಂತ ಹೇಳುತ್ತಿದ್ದ ಹಾಗೆಯೇ ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡರು. "ಮೋಳೇ, ನನೆಞ್ಞಲ್ಲೋ" ಅಂದರು. ಮಗಳೇ, ಒದ್ದೆಯಾದೆಯಲ್ಲ ಅಂತ. ಒಣ ಮುಂಡು ಕೊಟ್ಟರು. ಒಲೆಯ ಹತ್ತಿರ ಕೂರಿಸಿದರು. ಬಿಸಿ ಕುಚ್ಚಲಕ್ಕಿ ಗಂಜಿ, ಒಣ ಸಿಗಡಿ ಹಾಕಿದ ಹಲಸಿನ ಬೀಜದ ಪಲ್ಯ, ಮಾವಿನಕಾಯಿ ಹಾಕಿದ ಮೀನು ಸಾರು. ನಮ್ಮ ಮನೆಯ ಮಳೆಗಾಲದ ಊಟವೇ. ತೆಂಗಿನಕಾಯಿ ಅರೆಯುವುದರಲ್ಲಿ ಸ್ವಲ್ಪ ವ್ಯತ್ಯಾಸ, ಅಷ್ಟೇ.

ಉಂಡು ಕೈತೊಳೆದ ಮೇಲೆ ಇವರು ಗೋಡೆಯ ಫೋಟೋ ನೋಡಿದರು. ಹಾಗೇ ನಿಂತುಬಿಟ್ಟರು. ನನ್ನ ಕಿವಿಯಲ್ಲಿ ಪಿಸುಗುಟ್ಟಿದರು, "ಇದರಲ್ಲಿ ನನ್ನ ಗೆಳೆಯ ಇಲ್ಲ." ಆ ಮನೆಯ ಮಗ ಮಂಗಳೂರಿನಲ್ಲಿ ಎಲ್ಲಿಯೋ ಕೆಲಸದಲ್ಲಿದ್ದವನು. ನಾವು ಬಂದದ್ದು ತಪ್ಪು ಮನೆಗೆ. ರಾತ್ರಿ ಚಾಪೆಯಲ್ಲಿ ಇಬ್ಬರಿಗೂ ನಿದ್ದೆ ಇಲ್ಲ. ಹೇಳುವುದಾ, ಬೇಡವಾ? ಹೇಳಿದರೆ ಈ ಮಳೆಯಲ್ಲಿ ಅವರಿಗೆ ಮುಜುಗರ. ಹೇಳದಿದ್ದರೆ ಅವರ ಅನ್ನ ಮೋಸದಿಂದ ಉಂಡ ಹಾಗೆ. ಬೆಳಗಾದ ಕೂಡಲೇ ಹೇಳುವುದು ಅಂತ ನಿಶ್ಚಯ ಮಾಡಿದೆವು.

ಬೆಳಗಾದರೆ ಅಜ್ಜ ಅಂಗಳದಲ್ಲಿ ಬಲೆ ಕೊಡವುತ್ತಿದ್ದರು. ಆ ಅಮ್ಮನ ಅಪ್ಪ. ನಮ್ಮನ್ನು ನೋಡಿ ತುಳುವಿನಲ್ಲಿ ಮಾತಾಡಿಸಿದರು! ನಾನು ಕುಣಿಯುವುದೊಂದು ಬಾಕಿ. ಹುಡುಗನಾಗಿದ್ದಾಗ ಅವರು ಮಂಜಿಯಲ್ಲಿ ಕೆಲಸ ಮಾಡಿದವರು. ಸರಕು ಸಾಗಿಸುವ ಹಾಯಿಹಡಗಿಗೆ ಮಂಜಿ ಅನ್ನುವುದು ನಿಮಗೆ ಗೊತ್ತಿದೆ. ಮಂಗಳೂರಿನಿಂದ ಹಂಚು ತುಂಬಿಕೊಂಡು ತೆಂಕಿಗೆ ಬರುವುದು. ಜೆಪ್ಪುವಿನಲ್ಲಿ ಬಾಸೆಲ್ ಮಿಶನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಕರಾವಳಿಯ ಮಾಡುಗಳೇ ಬದಲಾದವು. ಅಜ್ಜ ತಲೆಯ ಮೇಲೆ ಬೆರಳು ಮಾಡಿ, "ಈ ಹಂಚು ನಿಮ್ಮ ಮಂಗಳೂರಿಂದ ನಾನೇ ತಂದದ್ದು" ಅಂದರು. ಚಂದ್ರಗಿರಿ ಎಲ್ಲಿ ಬರುತ್ತದೆ ನಿಮ್ಮ ದಾರಿಯಲ್ಲಿ ಅಂತ ಕೇಳಿದೆ. "ಅದಾ? ಅಳಿವೆಯ ಹತ್ತಿರ ನೀರಿನ ಬಣ್ಣ ಬದಲಾಗುತ್ತದೆ, ಅಷ್ಟೇ" ಅಂದರು.

ತಪ್ಪು ಮನೆಯ ವಿಷಯ ಹೇಳಬೇಕು ಅಂತ ಇವರು ಬಾಯಿ ತೆರೆದರು. ಅಷ್ಟರಲ್ಲಿ ಅಜ್ಜ, "ದೋಣಿಗೆ ಬರುತ್ತೀರಾ?" ಅಂದರು. ನಾನು ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದೆ.

ಈಗ ಸ್ವಲ್ಪ ಮೀನಿನ ವಿಷಯ ಹೇಳುತ್ತೇನೆ. ಮಳೆಗಾಲದಲ್ಲಿ ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಈಗ ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ. ಕರ್ನಾಟಕದಲ್ಲಿ ಜೂನ್, ಜುಲೈ ಎರಡೂ ತಿಂಗಳು, 61 ದಿನ. ಹಲವು ಮೀನುಗಳು ಮೊಟ್ಟೆ ಇಡುವ ಕಾಲ ಅದು. ಒಂದೇ ಕಡಲು, ಗೆರೆಯ ಎರಡು ಬದಿಗೆ ಎರಡು ಲೆಕ್ಕ. ಮೀನಿಗೆ ಇದು ಗೊತ್ತಿಲ್ಲವಲ್ಲ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಸಣ್ಣ ದೋಣಿಯವರಿಗೆ, ಹೊಳೆ ಕಾಯಲಿನವರಿಗೆ ಈ ತಡೆ ಇಲ್ಲ. ಮಳೆಗಾಲದಲ್ಲಿ ಅವರ ಮನೆ ನಡೆಯುವುದು ಇದರಿಂದಲೇ.

ಅಜ್ಜನದ್ದು ಬೀಸುಬಲೆ. ನೋಡದವರಿಗೆ ಹೇಳುತ್ತೇನೆ. ಹರಡಿದರೆ ದುಂಡಗೆ ದೊಡ್ಡ ಕೊಡೆಯ ಹಾಗೆ. ಅಂಚಿಗೆ ಸುತ್ತಲೂ ಸೀಸದ ಗುಂಡುಗಳು. ನಡುವಿನ ಹಗ್ಗ ಎಡಗೈಗೆ. ಬಲೆಯ ಒಂದು ಪಾಲು ಮೊಣಕೈ ಮೇಲೆ, ಇನ್ನೊಂದು ಪಾಲು ಬಲಗೈಯಲ್ಲಿ. ಸೊಂಟದಿಂದ ತಿರುಗಿ ಎಸೆಯಬೇಕು. ಕೈಯಿಂದ ಎಸೆದರೆ ಬಲೆ ಮುದ್ದೆಯಾಗಿ ಬೀಳುತ್ತದೆ. ಅಲುಗಾಡುವ ಸಣ್ಣ ದೋಣಿಯ ತುದಿಯಲ್ಲಿ ನಿಂತು 70 ದಾಟಿದ ಮನುಷ್ಯ ಬಲೆ ಬೀಸಿದಾಗ ಅದು ಗಾಳಿಯಲ್ಲಿ ಅರಳಿ ಒಂದು ಕ್ಷಣ ನಿಂತ ಹಾಗೆ ಕಾಣಿಸಿತು. ಆಮೇಲೆ ನೀರಿನ ಮೇಲೆ ದುಂಡಗೆ ಒಂದೇ ಸಲ "ಸರ್" ಅಂತ ಬಿತ್ತು. ಗುಂಡುಗಳು ಮುಳುಗಿ ಬಾಯಿ ಮುಚ್ಚಿಕೊಳ್ಳುತ್ತವೆ, ಆಮೇಲೆ ಮೆಲ್ಲಗೆ ಎಳೆಯಬೇಕು. ಹಿಂದೆ ಹತ್ತಿ ನೂಲಿನ ಬಲೆ ಇತ್ತಂತೆ. ಕೊಳೆಯಬಾರದು ಅಂತ ಮರದ ತೊಗಟೆ ಬೇಯಿಸಿದ ನೀರಿನಲ್ಲಿ ಅದ್ದುತ್ತಿದ್ದರು. ನೈಲಾನ್ ಬಂದ ಮೇಲೆ ಆ ಕೆಲಸ ಹೋಯಿತು. ಆ ವಾಸನೆ ಈಗಲೂ ಮೂಗಿನಲ್ಲಿದೆ ಅಂದರು ಅಜ್ಜ.

ದೋಣಿಯಲ್ಲಿ ಒಂದು ಬಿದಿರಿನ ಗಾಳವೂ ಇತ್ತು. ಕೊಡಿ ಅಂತ ಕೇಳಿದೆ. ಶಿರಿಯಾ ಹೊಳೆಯ ಬದಿಯಲ್ಲಿ ಅಪ್ಪ ನನಗೆ ಎಂಟನೇ ವಯಸ್ಸಿನಲ್ಲಿ ಗಾಳ ಹಾಕಲು ಕಲಿಸಿದ್ದರು. ಮದುವೆಯ ಮಾತುಕತೆಯಲ್ಲಿ ಯಾರೂ ಅದನ್ನು ಹೇಳಿರಲಿಲ್ಲ. ಹುಡುಗಿಗೆ ಹೊಲಿಗೆ ಬರುತ್ತದೆ, ಹಾಡು ಬರುತ್ತದೆ ಅಂತ ಹೇಳಿದ್ದರು. ನಾನು ಎರೆಹುಳು ತುಂಡು ಮಾಡಿ ಕೊಕ್ಕೆಗೆ ಸಿಕ್ಕಿಸುವುದನ್ನು ಇವರು ಕಣ್ಣು ದೊಡ್ಡದು ಮಾಡಿ ನೋಡಿದರು. ಮೂರನೇ ಸಲಕ್ಕೆ ಒಂದು ಕರಿಮೀನು ಸಿಕ್ಕಿತು. ಕರಿಮೀನು ಗಾಳಕ್ಕೆ ಬೀಳುವುದು ಸುಲಭ ಅಲ್ಲ. ಗಬಕ್ಕನೆ ನುಂಗುವುದಿಲ್ಲ ಅದು, ತುಟಿಯಲ್ಲಿ ಕಚ್ಚಿ ಕಚ್ಚಿ ನೋಡುತ್ತದೆ. ಬೆರಳಿಗೆ ಬರುವ ಸಣ್ಣ ನಡುಕ ಗೊತ್ತಾಗಬೇಕು, ಅದೇ ಹೊತ್ತಿಗೆ ಎತ್ತಬೇಕು. ಅಜ್ಜ ಬಹಳ ಖುಷಿಪಟ್ಟರು. 2010ರಲ್ಲಿ ಕೇರಳ ಅದನ್ನೇ ರಾಜ್ಯದ ಮೀನು ಅಂತ ಮಾಡಿತು. ಆ ಸುದ್ದಿ ಓದಿದಾಗ ನನಗೆ ನನ್ನದೇ ಮೀನಿಗೆ ಬಹುಮಾನ ಬಂದ ಹಾಗಾಯಿತು. ಅಜ್ಜ ಇನ್ನೊಂದು ವಿಷಯ ಹೇಳಿದರು. ಕರಿಮೀನಿನಲ್ಲಿ ಗಂಡು ಹೆಣ್ಣು ಎರಡೂ ಸೇರಿ ಮೊಟ್ಟೆ ಕಾಯುತ್ತವೆ. ರೆಕ್ಕೆ ಬೀಸಿ ಮೊಟ್ಟೆಗೆ ಹೊಸ ನೀರು ತಾಗಿಸುತ್ತವೆ, ಮರಿಯಾದ ಮೇಲೆ ಜೊತೆಗೇ ತಿರುಗುತ್ತವೆ. ಕಾವಲು ಕೂತ ಜೋಡಿಗೆ ಗಾಳ ಹಾಕಬಾರದು ಅಂತ ಅವರ ಅಪ್ಪ ಕಲಿಸಿದ್ದರಂತೆ.

ಒಂದು ಸಿಕ್ಕಿದ ಮೇಲೆ ಬಿಡಲಿಕ್ಕೆ ಮನಸ್ಸು ಬರುತ್ತದಾ? ಇಳಿತ ಶುರುವಾಯಿತು, ಹೋಗುವ ಅಂತ ಅಜ್ಜ ಎರಡು ಸಲ ಹೇಳಿದರು. ಇನ್ನೊಂದು, ಇನ್ನೊಂದೇ ಅಂತ ನಾನು. ನನ್ನ ಮುಖ ನೋಡಿ ಸುಮ್ಮನಾದರು. ನೀರು ಇಳಿಯುವುದು ಕಣ್ಣಿಗೆ ಕಾಣುವುದಿಲ್ಲ. ದೋಣಿ ತಳ ತಾಗಿದಾಗಲೇ ಗೊತ್ತಾದದ್ದು. ಅಜ್ಜ ಗಳ ಊರಿ ತಳ್ಳಿದರು. ಕೆಸರು ಬಿಡಲಿಲ್ಲ. ಮತ್ತೆ ಉಬ್ಬರ ಬರುವವರೆಗೆ ಕೂರಬೇಕು. ಸುತ್ತ ಸೊಂಟದವರೆಗಿನ ಕಪ್ಪು ಕೆಸರು, ಮೇಲಿನಿಂದ ಮಳೆ. ಒಂದು ಗೊರಬೆ, ಅಂದರೆ ಓಲೆಯ ಮಳೆಹೊದಿಕೆ ಇತ್ತು, ಅದನ್ನು ಅಜ್ಜ ನಮ್ಮಿಬ್ಬರ ಮೇಲೆ ಹೊದಿಸಿ ತಾನು ತಲೆಗೆ ಬೈರಾಸು ಕಟ್ಟಿಕೊಂಡು ಕೂತರು.

ಆಗ ಇವರು ದೋಣಿಯ ಅಂಚು ಹಿಡಿದಿದ್ದ ಕೈ ಬಿಟ್ಟರು. ಹೊರಟಾಗಿನಿಂದ ಎರಡೂ ಕೈಯಲ್ಲಿ ಅಂಚು ಹಿಡಿದೇ ಕೂತಿದ್ದರು ಅಂತ ನಾನು ಆಗ ಗಮನಿಸಿದೆ. ಬೆರಳ ಗೆಣ್ಣು ಬಿಳಿಯಾಗಿತ್ತು. "ಈಗ ನೆಲ ಸಿಕ್ಕಿತಲ್ಲ, ಈಗ ಹೇಳುತ್ತೇನೆ. ನನಗೆ ಈಜು ಬರುವುದಿಲ್ಲ. ದೋಣಿಯಲ್ಲಿ ಕೂತದ್ದೇ ನಿನ್ನೆ ಮೊದಲು." ಮತ್ತೆ ಯಾಕೆ ಬಂದಿರಿ ಅಂತ ಕೇಳಿದೆ. "ನೀನು ಸೆರಗು ಸಿಕ್ಕಿಸಿಯಾಗಿತ್ತಲ್ಲ" ಅಂದರು.

ಇವರು ಅಲ್ಲಿ ತಲೆ ತಗ್ಗಿಸಿ ಕೂತಿದ್ದಾರೆ, ಇಷ್ಟು ಹೇಳಬೇಡ ಅಂತ. ಇರಲಿ, ಹೇಳಬೇಕು. ಊಟಿಯ ಹೋಟೆಲಿನಲ್ಲಿ ನಾಲ್ಕು ದಿನ ಇದ್ದಿದ್ದರೂ ನನಗೆ ಈ ಮನುಷ್ಯ ಹೀಗೆ ಗೊತ್ತಾಗುತ್ತಿರಲಿಲ್ಲ. ಆ ಕೆಸರಿನಲ್ಲಿ ನಾಲ್ಕು ಗಂಟೆ ನಾವು ಮಾತಾಡಿದ್ದೇ ಮಾತಾಡಿದ್ದು. ನನ್ನ ಅಪ್ಪನ ಬಗ್ಗೆ, ಇವರ ತೋಟದ ಸಾಲದ ಬಗ್ಗೆ, ನನಗೆ ಟೀಚರ್ ಆಗಬೇಕು ಅನ್ನುವುದರ ಬಗ್ಗೆ.

ನಡುವೆ ಇವರು ಅಜ್ಜನಿಗೂ ವಿಷಯ ಹೇಳಿದರು. ನಾವು ತಪ್ಪು ಮನೆಗೆ ಬಂದವರು, ನಿಮ್ಮ ಮೊಮ್ಮಗ ನಮಗೆ ಪರಿಚಯವೇ ಇಲ್ಲ ಅಂತ. ಹೇಳುವಾಗ ಸ್ವರ ನಡುಗುತ್ತಿತ್ತು. ಅಜ್ಜ ನೀರಿನ ಕಡೆಯೇ ನೋಡುತ್ತಾ ಹೇಳಿದರು, "ಗೊತ್ತುಂಟು. ನಿನ್ನೆ ರಾತ್ರಿಯೇ ಗೊತ್ತಾಗಿದೆ. ಮಳೆಯಲ್ಲಿ ನಿಂತವರನ್ನು ಯಾರ ಮನೆಗೆ ಬಂದದ್ದು ಅಂತ ಕೇಳುವುದಾ?"

ಉಬ್ಬರ ಬಂತು. ದೋಣಿ ಮೆಲ್ಲಗೆ ಎದ್ದಿತು. ಆ ಎದ್ದ ಕ್ಷಣ ಇವರು ಮತ್ತೆ ಅಂಚು ಹಿಡಿದರು, ಈ ಸಲ ಒಂದೇ ಕೈಯಲ್ಲಿ.

ಗೆಳೆಯರ ಮನೆ ಇದ್ದದ್ದು ಅಲ್ಲಿಂದ ಅರ್ಧ ಗಂಟೆಯ ನಡಿಗೆಯಲ್ಲಿ. ಅಜ್ಜನೇ ಕರೆದುಕೊಂಡು ಹೋದರು. ಆ ತಾಯಿಗೆ ಬೇಸರವಾಯಿತು, ನಮ್ಮ ಅತಿಥಿಗಳು ಬೇರೆ ಮನೆಯಲ್ಲಿ ಉಂಡರಲ್ಲ ಅಂತ. ಅಲ್ಲಿ ಎರಡು ದಿನ ಇರಬೇಕಾಯಿತು. ಈಗ ಆ ಕಡೆ ಹೋದರೆ ಹೌಸ್‌ಬೋಟುಗಳಿವೆ. ನೀರಿನಲ್ಲಿ ಬಿದಿರಿನ ಚಪ್ಪರ ಹಾಕಿ ಹಗ್ಗ ಇಳಿಬಿಟ್ಟು ಪಚ್ಚಿಲೆ ಬೆಳೆಸುತ್ತಾರೆ. ಮಲಯಾಳದವರು ಕಲ್ಲುಮ್ಮಕ್ಕಾಯ ಅನ್ನುತ್ತಾರಲ್ಲ, ಅದು. ಮಳೆ ಬಂದು ನೀರಿನ ಉಪ್ಪು ಇಳಿದರೆ ಅವು ಸಾಯುತ್ತವೆ. ಹಾಗಾಗಿ ಮೇ ಮುಗಿಯುವುದರೊಳಗೆ ಕೊಯ್ಲು ಆಗಬೇಕು. ಹೆಂಗಸರೇ ಗುಂಪು ಮಾಡಿಕೊಂಡು ನಡೆಸುವುದನ್ನು ನಾನು ನೋಡಿದ್ದೇನೆ. ನೀವು ಮಂಗಳೂರಿಗೆ ಹತ್ತು ಸಲ ಹೋಗುವಾಗ ಒಂದು ಸಲವಾದರೂ ಆ ಕಡೆ ಹೋಗಿ ಬನ್ನಿ.

ವಾಪಸು ಬರುವಾಗ ಅಜ್ಜನ ಮನೆಯ ಅಮ್ಮ ಒಣ ಸಿಗಡಿಯ ಒಂದು ಕಟ್ಟು ಕೊಟ್ಟರು. ಇಡೀ ಬೋಗಿಯಲ್ಲಿ ಅದರದ್ದೇ ಪರಿಮಳ. ಪೆರ್ಲದ ಮನೆಯಲ್ಲಿ ಅತ್ತೆ ನೀಲಗಿರಿ ಎಣ್ಣೆಗೆ ಕಾಯುತ್ತಿದ್ದರು, ಮೊಣಕಾಲು ನೋವಿಗೆ. ಕಟ್ಟು ಬಿಚ್ಚಿ ನೋಡಿ, "ಊಟಿಯಲ್ಲಿ ಸಿಗಡಿ ಉಂಟಾ?" ಅಂದರು. ಇವರು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದರು. ತಾರೀಕು ತಪ್ಪಿದ್ದು, ಪೊಟ್ಟಣ, ಫೋಟೋ, ಕೆಸರು. ಅತ್ತೆ ಸಿಗಡಿಯನ್ನು ಕಾವಲಿಯಲ್ಲಿ ಹುರಿಯುತ್ತಾ ಕೇಳಿದರು. ಕಥೆ ಮುಗಿದಾಗ ಒಂದೇ ಮಾತು, "ಆ ಮನೆಗೆ ನಾವೇನು ಕಳಿಸುವುದು?"

ಹಲಸಿನ ಹಪ್ಪಳ ಕಳಿಸಿದೆವು. ನೂರು ಹಪ್ಪಳದ ಕಟ್ಟು, ಇವರ ಗೆಳೆಯರ ಕೈಯಲ್ಲಿ. ಅದಕ್ಕೆ ಉತ್ತರವಾಗಿ ಮುಂದಿನ ವರ್ಷ ಸಿಗಡಿ ಬಂತು. ಅದಕ್ಕೆ ಮತ್ತೆ ಹಪ್ಪಳ ಹೋಯಿತು. ಅತ್ತೆ ಹೋದರು, ಅಜ್ಜ ಹೋದರು. ಈ ವರ್ಷ ಕಟ್ಟು ತಂದದ್ದು ಅಜ್ಜನ ಮರಿಮಗಳು. ಕಾಸರಗೋಡಿನಲ್ಲಿ ಕಾಲೇಜಿಗೆ ಸೇರಿದ್ದಾಳೆ, ಶನಿವಾರ ನಮ್ಮ ಮನೆಗೆ ಬರುತ್ತಾಳೆ. ಕನ್ನಡ ಅಕ್ಷರ ಕಲಿಸಿ ಅಂತ ನನ್ನನ್ನು ಕೇಳಿದ್ದಾಳೆ. ನಾನು ಅವಳ ಹತ್ತಿರ ಮಲಯಾಳ ಅಕ್ಷರ ಕಲಿಯುತ್ತಿದ್ದೇನೆ. ಇವರೂ ಪಕ್ಕದಲ್ಲಿ ಕೂರುತ್ತಾರೆ, ಬಸ್ಸಿನ ಬೋರ್ಡು ಓದುವಷ್ಟು ಬಂದಿದೆ.